ಗೌಜು

ಬೇಸಿಗೆ ರಾತ್ರಿ ಕರೆಂಟು ಹೋಗಿ
ಒಂಟಿಕೊಪ್ಪಲಿನವರೆಲ್ಲ ಬೈದುಕೊಳ್ಳುತ್ತ ಮೆಟ್ಟಿಲಿಗೆ ಬಂದು ಕೂತಾಗ
ನಾನು ಲೂನಾ ತುಳಿದು ಗಂಗೋತ್ರಿಗೆ ಹೊರಡುತ್ತಿದ್ದೆ.
ಆ ಎರಡು ಗಂಟೆ ಮಾತ್ರ
ಗೋಡೆಯೊಳಗಿನ ತಂತಿ ಗುಂಯ್ಗುಡುವುದು ಬಿಡುತ್ತಿತ್ತು.
ಸ್ಕೂಟರಿನ ನಾಲ್ಕು ಬ್ಯಾಟರಿ, ಸೆಲ್ಲಿನ ಟೇಪ್ ರೆಕಾರ್ಡರು,
ತಾಮ್ರದ ಡಬ್ಬಿಯಲ್ಲಿ ಸಾಸಿವೆಯಷ್ಟು ಇಂಗಾಲ,
ಅದರಲ್ಲಿ ಹರಿಯುವಾಗ ವಿದ್ಯುತ್ತಿಗೆ ಬರುವ ಸಣ್ಣ ನಡುಕ.

ಡಬ್ಬಿ ಮಾಡಿಕೊಟ್ಟವರು ಮಂಡಿ ಮೊಹಲ್ಲಾದ ಗೌಸ್ ಸಾಬರು,
ಮದುವೆಮನೆ ಹಂಡೆಗಳಿಗೆ ಕಲಾಯಿ ಹಾಕುವವರು.
"ಏನಿಡ್ತೀರಮ್ಮಾ ಇದ್ರಲ್ಲಿ?"
"ಇಡೋದಕ್ಕಲ್ಲ. ಹೊರಗಿಂದು ಒಳಗೆ ಬರಬಾರದು."
"ನೀರಾ?"
"ಅಲ್ಲ."
"ಇರುವೆ?"
"ರೇಡಿಯೋ."
ಅವರು ನಗಲಿಲ್ಲ. ಮುಚ್ಚಳದ ಅಂಚಿಗೆ ಎರಡು ಸಲ ಕಲಾಯಿ ಬಳಿದು
ಒಂದು ಸಲದ್ದಕ್ಕೆ ಕಾಸು ತೆಗೆದುಕೊಂಡರು.

ಮಂಡ್ಯಕ್ಕೆ ಹೋದರೆ ಅತ್ತೆಯ ವಿಚಾರಣೆ.
"ಅದೇನವ್ವ ನೀ ಓದಾದು?"
"ಸದ್ದು ಕಣತ್ತೆ. ಇದ್ದಿಲು ಮಾಡೋ ಸದ್ದು."
"ಇದ್ಲು ಸದ್ ಮಾಡದಾ?"
"ಮಾಡ್ತದೆ."
"ಯಾಕ್ ಮಾಡದು?"
"ಅದೇ ಗೊತ್ತಿಲ್ಲ."
ಅವರೆಕಾಯಿ ಸುಲಿಯುವುದು ನಿಲ್ಲಿಸಿ
"ಗೊತ್ತಿಲ್ದೇ ಇರಾದ್ಕೂ ಸಂಬ್ಳ ಕೊಟ್ಟಾರಾ?"

ಕೊಟ್ಟರು, ಮೂವತ್ತೊಂದು ವರ್ಷ.
ನಡುವೆ ಲೇಸರಿನವರು ಬಂದರು, ಹೊಸ ಕಟ್ಟಡ ಬಂತು;
ನ್ಯಾನೋದವರು ಬಂದರು, ಎ.ಸಿ. ಬಂತು, ಅದರ ಗೌಜೂ ಬಂತು.
ರೀಡರ್ ಹುದ್ದೆ ಎರಡು ಸಲ ನನ್ನ ಬಾಗಿಲ ಮುಂದೆ ಹಾದುಹೋಯಿತು.
ಒಂದು ಪ್ರಬಂಧ ವಾಪಸು ಬಂದಾಗ ಅದರ ಮೇಲೊಂದು ಸಾಲು:
ಹಿನ್ನೆಲೆ ಗದ್ದಲವನ್ನು ಲೇಖಕಿ ಸರಿಯಾಗಿ ತೆಗೆದಿಲ್ಲ.
ತಿರುನಾರಾಯಣ ಮೇಷ್ಟ್ರಿಗೆ ತೋರಿಸಿದೆ.
ಕನ್ನಡಕ ತೆಗೆದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.
ನನಗೆ ನಗು ಬಂದದ್ದು ಹನ್ನೊಂದು ವರ್ಷದ ಮೇಲೆ,
ಲಿಥುವೇನಿಯಾದ ಒಂದು ಚಳಿ ಕೋಣೆಯಲ್ಲಿ,
ಅದೇ ಸಾಲು ಓದಿಸಿಕೊಂಡ ಇಪ್ಪತ್ತು ಜನರ ನಡುವೆ.

ಈ ಗೌಜಿನ ಗುಣ ಹೇಳುತ್ತೇನೆ ಕೇಳಿ:
ನಿಧಾನಕ್ಕೆ ನೋಡಿದಷ್ಟೂ ಅದು ದೊಡ್ಡದು.
ಗಳಿಗೆಯ ನಡುಕದ ಕೆಳಗೆ ತಾಸಿನ ನಡುಕ,
ತಾಸಿನದರ ಕೆಳಗೆ ಕಾರ್ತಿಕದಿಂದ ಚೈತ್ರಕ್ಕೆ ತೂಗುವ ಇನ್ನೊಂದು.
ತಳ ಮುಟ್ಟಿದೆ ಎಂದವರನ್ನು ನಾನು ನೋಡಿಲ್ಲ.
ನಾನೂ ಮುಟ್ಟಲಿಲ್ಲ.

ಅಪ್ಪ ಸಕ್ಕರೆ ಫ್ಯಾಕ್ಟರಿ ಗೇಟಿನಲ್ಲಿ ತೂಕದ ಗುಮಾಸ್ತ.
ಕಬ್ಬಿನ ಗಾಡಿ ಹತ್ತಿ ನಿಂತ ಮೇಲೂ
ಗಡಿಯಾರದಂಥ ಮುಖದಲ್ಲಿ ಮುಳ್ಳು ಅದುರುತ್ತಲೇ ಇರುತ್ತಿತ್ತು.
ಗಾಡಿಯವನ ಕಣ್ಣು ಮುಳ್ಳಿನ ಮೇಲೆ,
ಅಪ್ಪನ ಕಣ್ಣು ಗಾಡಿಯವನ ಮೇಲೆ.
"ಅಪ್ಪಾ, ಇನ್ನೂ ನಿಂತಿಲ್ಲ."
"ನಿಲ್ಲಕಿಲ್ಲ ಮಗ ಅದು. ಎತ್ತು ಉಸಿರಾಡ್ತದೆ."
ಎರಡು ತುದಿಯ ನಡುಮಧ್ಯ ಬರೆಯಬೇಕು, ಅದು ರೂಲು.
ಅಪ್ಪ ಹೋದ ಮೇಲೆ ಟ್ರಂಕಿನಲ್ಲಿ ಮೂರು ಮೆಮೊ ಸಿಕ್ಕವು:
ತೂಕದ ಪುಸ್ತಕದಲ್ಲಿ ಸದಾ ಮೇಲಿನ ತುದಿಯನ್ನೇ
ನಮೂದಿಸಿರುವುದಕ್ಕೆ ವಿವರಣೆ ಕೊಡತಕ್ಕದ್ದು.
ಕೊಟ್ಟ ಹಾಗಿಲ್ಲ. ನಾಲ್ಕನೆಯ ಕಾಗದ ಗೋಣಿಚೀಲದ ಸ್ಟೋರಿಗೆ ವರ್ಗ.

ನಾಳೆ ಬೀಗದ ಕೈ ಒಪ್ಪಿಸಬೇಕು.
ಡಬ್ಬಿ ಹಸಿರು ಹಿಡಿದಿದೆ, ಮುಚ್ಚಳದ ಅಂಚು ಮಾತ್ರ ಇನ್ನೂ ಬೆಳ್ಳಗೆ.
ಮಳವಳ್ಳಿಯ ಹುಡುಗ ಬಸವಲಿಂಗು, ನನ್ನ ಕೊನೆಯ ಶಿಷ್ಯ,
ಹಳೆಯ ಮೀಟರಿಗೆ ಮೂಗು ತಾಗಿಸಿ ಕೂತಿದ್ದಾನೆ.
"ಮೇಡಂ, ಆಡ್ತಾನೇ ಇದೆ. ಯಾವ್ದು ಬರ್ಕೊಳ್ಲಿ?"
ಕಾಯಿ ಎಂದರೆ ಕಾಯುತ್ತಾನೆ, ಪಾಪ, ಬೆಳಗಿನವರೆಗೂ.
ಎರಡೂ ತುದಿ ಬರಿ ಅಂದೆ.
ಆಮೇಲೆ ಏನನ್ನಿಸಿತೋ,
ಮೇಲಿನದು ಮೊದಲು, ಅಂದೆ.